ಹುಣ್ಣಿಮೆಗೆ ಹೊರಗೆ ಕೂತ ನಾಗವೇಣಿ

ಕಳೆದ ತಿಂಗಳು ಹಾರವಾಡದ ಹಳೆಯ ಮನೆಯಂಗಳದ ಉಪ್ಪಿನ ತೊಟ್ಟಿಗಳನ್ನು ಒಡೆಸಿದೆ. ಮೀನು ಉಪ್ಪಿಗೆ ಹಾಕಲೆಂದು ಕಟ್ಟಿಸಿದ್ದ ಎರಡು ಸಿಮೆಂಟ್ ತೊಟ್ಟಿಗಳು. ಅಂಕೋಲೆ ಪೇಟೆಯಲ್ಲಿ ನಾನು ಒಣಮೀನಿನ ಅಂಗಡಿ ಇಟ್ಟು ಅಲ್ಲೇ ಮನೆ ಮಾಡಿದ ಮೇಲೆ ಅವು ಖಾಲಿ ಬಿದ್ದಿದ್ದವು. ಒಡೆಯಲು ಬಂದ ಗೌಂಡಿ ಹೇಳಿದ ಕೂಲಿಗೆ ನಾನು ಒಪ್ಪಲಿಲ್ಲ, ನಾನು ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ. ಒಡೆದ ಕಲ್ಲು ಅವನಿಗೇ ಎಂದು ಮಾತಾದ ಮೇಲೆ ಸುತ್ತಿಗೆ ಎತ್ತಿದ. ಮೊದಲ ಪೆಟ್ಟಿಗೇ ಗೋಡೆ ಬಿರಿದು ಒಳಗಿನಿಂದ ವಾಸನೆ ಬಂತು. ದಿನವಿಡೀ ಒಣಮೀನಿನ ರಾಶಿಯ ನಡುವೆ ಕೂರುವವಳು ನಾನು. ಮೀನಿನ ವಾಸನೆ ಬರುತ್ತಿದೆ ಎಂದು ಬೇರೆಯವರು ಹೇಳಿದರೆ ಮಾತ್ರ ನನಗೆ ತಿಳಿಯುವುದು. ಆದರೆ ಆ ಹಳೆಯ ಉಪ್ಪುನೀರಿನ ವಾಸನೆ ನನಗೇ ಮೊದಲು ತಿಳಿಯಿತು. ಜಗುಲಿಯ ಮೇಲೆ ಕೂತುಬಿಟ್ಟೆ.

ಅದೇ ತೊಟ್ಟಿಯ ಬದಿಯಲ್ಲಿ ನನ್ನ ನಾದಿನಿ ನಾಗವೇಣಿ ಬಿದ್ದಿದ್ದಳು. ಆ ಒಂದು ವರ್ಷದ ಮಾತನ್ನು ಬರೆಯಬೇಕು ಅನ್ನಿಸಿದ್ದು ಆಗಲೇ.

ಸುನಾಮಿಯನ್ನು ಟಿವಿಯಲ್ಲಿ ನೋಡಿ ನಮ್ಮ ಕೇರಿಯವರೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಕಡಲು ಎಲ್ಲಿದೆ ಎಂದು ಹಣಿಕಿ ನೋಡುತ್ತಿದ್ದ ಚಳಿಗಾಲ ಅದು. ನಾನು ಆ ಮನೆಗೆ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಗಂಡ ಕಾರವಾರದ ಬೈತಖೋಲ ಬಂದರಿನ ಟ್ರಾಲರಿನಲ್ಲಿ ದುಡಿಯುತ್ತಿದ್ದರು, ವಾರಕ್ಕೊಮ್ಮೆ ಮನೆ. ಮಾವ ಇರಲಿಲ್ಲ. ಉಳಿದವರು ಅತ್ತೆ, ನಾನು, ನಾಗವೇಣಿ. ನಾನು ಬರುವ ಮೊದಲು ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ಹಸಿಮೀನು ಮಾರುತ್ತಿದ್ದರು. ಹೊತ್ತು ಇಳಿದ ಮೇಲೆ ಉಳಿದದ್ದನ್ನು ಕೇಳಿದವರಿಗೆ ಕೇಳಿದ ದರಕ್ಕೆ ಸುರಿದು ಬರುತ್ತಿದ್ದರು. ಉಳಿದ ಮೀನನ್ನು ಯಾಕೆ ಸುರಿಯಬೇಕು, ಉಪ್ಪು ಹಾಕಿ ಒಣಗಿಸಿ ಮಳೆಗಾಲದವರೆಗೆ ಇಟ್ಟರೆ ಕೊಳ್ಳುವವನೇ ಮನೆಗೆ ಬರುತ್ತಾನೆ ಎಂದವಳು ನಾನು. ಮೊದಲು ಮಣ್ಣಿನ ಮಡಕೆ, ಆಮೇಲೆ ಡ್ರಮ್ಮು, ಆಮೇಲೆ ಈ ತೊಟ್ಟಿಗಳು. ಘಟ್ಟದ ಮೇಲಿನ ವ್ಯಾಪಾರಿಗಳು ಮಳೆಗಾಲದಲ್ಲಿ ನನ್ನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಯಾರೂ ಕಲಿಸಿದ್ದಲ್ಲ. ದರ ಹೇಳುವಾಗ ಮುಖದಲ್ಲಿ ಆಸೆ ತೋರಿಸಬಾರದು, ಗಿರಾಕಿ ಎದ್ದು ನಿಂತರೂ ನಾವು ಕೂತಿರಬೇಕು, ಮಾಲಿನ ಕೊರತೆಯನ್ನು ನಮ್ಮ ಬಾಯಿಂದ ಹೇಳಬಾರದು. ಈ ಮೂರು ಗೊತ್ತಿದ್ದರೆ ಯಾವ ಹೆಂಗಸೂ ಉಪವಾಸ ಬೀಳುವುದಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಮೂರನೆಯದು ಮೀನಿಗೆ ಮಾತ್ರ. ಇದನ್ನು ನಾನು ತಡವಾಗಿ ಕಲಿತೆ.

ನಾಗಿಗೆ ಆಗ ಹತ್ತೊಂಬತ್ತು. ಮೀನು ಸೀಳುವುದರಲ್ಲಿ ಅವಳ ಕೈಗೆ ಸಮನಾದ ಕೈ ಕೇರಿಯಲ್ಲಿರಲಿಲ್ಲ. ಬಾಂಗಡೆಯ ಬೆನ್ನಿಗೆ ಒಂದೇ ಕೊಯ್ತ, ಹೆಬ್ಬೆರಳಿನಿಂದ ಕರುಳು ಹೊರಗೆ, ಒಂದು ಹಿಡಿ ಉಪ್ಪು, ತೊಟ್ಟಿಗೆ. ಕೈ ಓಡುತ್ತಿದ್ದಷ್ಟೇ ಬಾಯಿಯೂ ಓಡುತ್ತಿತ್ತು. ಕಾರವಾರ ಬಸ್ಸಿನ ಕಂಡಕ್ಟರನ ಹಾಗೆ ಕೂಗಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಎಂಟು ವರ್ಷದಲ್ಲಿ ನನಗೆ ತಂಗಿಯೂ ಅವಳೇ, ಗೆಳತಿಯೂ ಅವಳೇ.

ಹತ್ತನೆಯ ತರಗತಿ ಮುಗಿಸಿದಾಗ ಕಡ್ಡಿಯಂತಿದ್ದ ಹುಡುಗಿ ಎರಡೇ ವರ್ಷದಲ್ಲಿ ಊದಿಕೊಂಡಳು. ನನ್ನ ರವಿಕೆ ಅವಳಿಗೆ ಬಿಗಿಯಾಯಿತು, ಆಮೇಲೆ ಅತ್ತೆಯದೂ ಬಿಗಿಯಾಯಿತು. ಸೊಂಟದ ಸುತ್ತ, ಹೊಟ್ಟೆಯ ಮೇಲೆ ಮಾಂಸ. ಗಲ್ಲದಡಿ ನಾಲ್ಕೈದು ಗಟ್ಟಿ ಕೂದಲು. ಅವನ್ನು ಕನ್ನಡಿ ಹಿಡಿದು ಉಗುರಲ್ಲೇ ಕಿತ್ತುಕೊಳ್ಳುತ್ತಿದ್ದಳು. ಕುತ್ತಿಗೆಯ ಹಿಂದೆ ಕಪ್ಪಗೆ ದಪ್ಪ ಪಟ್ಟಿ. ಅದು ಕೊಳೆ ಎಂದು ಅತ್ತೆಯ ತೀರ್ಮಾನ. ತೆಂಗಿನ ಕತ್ತಕ್ಕೆ ಸೀಗೆಪುಡಿ ಹಚ್ಚಿ ಉಜ್ಜುತ್ತಿದ್ದರು.

“ಮೈ ತೊಳ್ಕಂಬೂಕೂ ಬೇಜಾರನೆ ನಿಂಗೆ? ಕಾಣು, ಹೆಂಗೆ ಕಪ್ಪಾಗದೆ!”

“ಆಯಿ, ಚರ್ಮ ಬಿಡ್ತದೆ ಮಾರಾಯ್ತಿ! ಅದು ಕೊಳೆ ಅಲ್ಲ.”

“ಕೊಳೆ ಅಲ್ದೆ ಎಂತ, ಚಿನ್ನವ?”

ಚರ್ಮ ಸುಲಿದು ಕೆಂಪಾಗುತ್ತಿತ್ತು. ವಾರದಲ್ಲಿ ಮತ್ತೆ ಕಪ್ಪು.

ನಮ್ಮ ಕೇರಿಯ ಒಂದು ಕಟ್ಟಳೆಯನ್ನು ಇಲ್ಲಿ ಹೇಳದೆ ಮುಂದಿನದು ಅರ್ಥವಾಗದು. ಮುಟ್ಟಾದ ಹೆಂಗಸು ಉಪ್ಪಿನ ತೊಟ್ಟಿ ಮುಟ್ಟುವಂತಿಲ್ಲ. ಮುಟ್ಟಿದರೆ ಮೀನಿಗೆ ಹುಳ ಬೀಳುತ್ತದೆ ಎಂದು ನಂಬಿಕೆ. ಮೂರು ದಿನ ಮನೆಯ ಹಿಂಬದಿಯ ಇಳಿಮಾಡಿನಲ್ಲಿ ಚಾಪೆ ಹಾಕಿ ಕೂರಬೇಕು, ತಟ್ಟೆ ಬೇರೆ, ನಾಲ್ಕನೆಯ ದಿನ ತಲೆಗೆ ನೀರು. ಅಂಗಳಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಕೇರಿಯಲ್ಲಿ ಯಾರು ಯಾವಾಗ ಹೊರಗೆ ಕೂತರು ಎನ್ನುವುದು ಎಲ್ಲರಿಗೂ ಗೊತ್ತು. ಯಾರು ಕೂರಲಿಲ್ಲ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತು.

ನಾಗಿಗೆ ಮೊದಲಿನಿಂದಲೂ ಎರಡು ಮೂರು ತಿಂಗಳಿಗೊಮ್ಮೆ. ಆ ವರ್ಷ ದೀಪಾವಳಿಗೆ ಮೊದಲೇ ನಿಂತುಹೋಯಿತು. ಅತ್ತೆ ದೇವಿಗೆ ಹರಕೆ ಹೊತ್ತರು. ಅಷ್ಟರಲ್ಲಿ ಅಂಕೋಲೆ ಬಳಿಯ ಕೇಣಿಯಿಂದ ಒಂದು ಸಂಬಂಧ ಬಂತು. ಹುಡುಗ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಸಾರಾಯಿ ಮುಟ್ಟುತ್ತಿರಲಿಲ್ಲ, ನಾಗಿಯ ಬಾಯಿಗೆ ಹೆದರದೆ ನಕ್ಕಿದ್ದ. ಅವಳಿಗೂ ಮನಸ್ಸಿತ್ತು. ಅವನ ತಾಯಿ ಮಾತ್ರ ಅವಳನ್ನು ಮೇಲಿಂದ ಕೆಳಗೆ ನೋಡಿ, “ಹುಡ್ಗಿ ಒಳ್ಳೇದೇ. ಸ್ವಲ್ಪ ಇಳಿಲಿ. ಮಳೆ ಕಳ್ದಮೇಲೆ ಮದ್ವೆ ಮಾತಾಡ್ವ” ಎಂದು ಹೋಗಿದ್ದರು.

ಅದರ ಮರುದಿನವೇ ಪಕ್ಕದ ಅಂಗಳದ ದೇವಕಕ್ಕ ಬೇಲಿಯ ಆಚೆಯಿಂದ ಕೇಳಿದರು. “ಏ ಶಾಂತಾ, ನಿಮ್ಮ ನಾಗಿ ಹೊರಗೆ ಕೂತದ್ದು ಕಾಣ್ದೆ ಸುಮಾರ್ ದಿನ ಆತಲ್ಲೇ?”

“ನೀವು ತಂಗಿ ಮನೆಗೆ ಹೋದಾಗ ಕೂತಿತ್ತು ಮಾರಾಯ್ರೆ. ನಿಮ್ಗೆ ಕಾಣೂಕೆ ಅಂತ ತಡ್ದು ಕೂರೂಕಾಗ್ತದಾ?” ಎಂದೆ. ಅವರು ನಕ್ಕರು. ಆದರೆ ಆ ನಗು ನನಗೆ ಹಿಡಿಸಲಿಲ್ಲ. ಕೇಣಿಯಲ್ಲಿ ಅವರ ತಂಗಿಯ ಮನೆ ಇತ್ತು.

ಅಂದು ಮಧ್ಯಾಹ್ನ ನಾಗಿಯನ್ನು ಕರೆದು ಹೇಳಿದೆ: “ಈ ಹುಣ್ಣಿಮೆಗೆ ನೀ ಹೊರಗೆ ಕೂರು.”

“ಆಗ್ದೇ ಕೂರೂದಾ?”

“ಹೂಂ. ಮೂರು ದಿನ ಕೆಲ್ಸ ಇಲ್ಲ, ಬಿದ್ಕ. ಯಾರಿಗೂ ಹೇಳೂದಿಲ್ಲ. ಆಯಿಗೂ ಹೇಳ್ಬೇಡ, ಅವರ ಬಾಯಲ್ಲಿ ಮಾತು ನಿಲ್ಲೂದಿಲ್ಲ.”

ಅವಳು ಬಿದ್ದುಬಿದ್ದು ನಕ್ಕಳು. “ಅತ್ತಿಗೆ, ನೀ ಒಂದು ನಾಟಕ ಕಂಪನಿನೇ ಮಾಡ್ಬಹುದು.”

ಹುಣ್ಣಿಮೆಯನ್ನೇ ಯಾಕೆ ಆರಿಸಿದೆ ಎಂದರೆ, ಬೆಳದಿಂಗಳಿನ ದಿನಗಳಲ್ಲಿ ಮೀನು ಬೀಳುವುದು ಕಡಿಮೆ. ಅಂಗಳದಲ್ಲಿ ಅವಳ ಕೈ ಇಲ್ಲದಿದ್ದರೂ ನಡೆಯುತ್ತದೆ. ಸುಳ್ಳನ್ನೂ ಕೆಲಸಕ್ಕೆ ತೊಂದರೆಯಾಗದ ಹಾಗೆ ಹೊಂದಿಸಿದ್ದೆ. ಅಷ್ಟೇ ಅಲ್ಲ, ಒಗೆದಿಟ್ಟ ಮುಟ್ಟಿನ ಬಟ್ಟೆಯನ್ನು ಒದ್ದೆ ಮಾಡಿ, ಸೀರೆಯಡಿ ಅಡಗಿಸಿದ ಹಾಗೆ ಮಾಡಿ, ಒಂದು ಅಂಚು ದೇವಕಕ್ಕನ ಕಡೆಗೆ ಕಾಣುವಂತೆ ಒಣಹಾಕುತ್ತಿದ್ದೆ. ತಿಂಗಳು ತಿಂಗಳು ಹುಣ್ಣಿಮೆಗೆ ಸರಿಯಾಗಿ ನಾಗಿ ಹೊರಗೆ. ಅತ್ತೆ ಖುಷಿಯಲ್ಲಿ ದೇವಿಗೆ ಹರಕೆ ತೀರಿಸಿ ಬಂದರು. ಹಣ್ಣುಕಾಯಿಯ ಪ್ರಸಾದವನ್ನು ನಾನೂ ಕಣ್ಣಿಗೊತ್ತಿಕೊಂಡು ತಿಂದೆ.

ಇನ್ನು ಉಳಿದದ್ದು ತೂಕ. ಅದನ್ನು ನಾನೇ ಕೈಗೆತ್ತಿಕೊಂಡೆ. ಬೆಳಿಗ್ಗೆ ಹುರುಳಿ ಕಟ್ಟು, ಮಧ್ಯಾಹ್ನ ಒಂದು ಸೌಟು ಗಂಜಿ, ಸಂಜೆಯ ಮೇಲೆ ಬಿಸಿನೀರು. ಅಂಗಳದಲ್ಲಿ ಮೀನು ತೂಗುವ ದೊಡ್ಡ ಕಾಟಾ ಇತ್ತು. ವಾರಕ್ಕೊಮ್ಮೆ, ಸಂತೆಗೆ ಮಾಲು ತೂಗಿದ ಮೇಲೆ, ಅವಳನ್ನೂ ಅದರ ಮೇಲೆ ನಿಲ್ಲಿಸುತ್ತಿದ್ದೆ. ಮೊದಲ ಸಲ ನಿಂತಾಗ ಎಪ್ಪತ್ತೆಂಟು ಕಿಲೋ. ದೇವಕಕ್ಕ ಬೇಲಿಯ ಮೇಲೆ ಮೊಣಕೈ ಊರಿ ಕೇಳಿದರು, “ಎಷ್ಟ್ ಬಿತ್ತೆ ಶಾಂತಾ? ಸುರಮಯಿ ದರಕ್ಕೋ, ತಾರ್ಲೆ ದರಕ್ಕೋ?”

ಸುರಮಯಿ ನಮ್ಮಲ್ಲಿ ಎಲ್ಲಕ್ಕಿಂತ ದುಬಾರಿ, ತಾರ್ಲೆ ಎಲ್ಲಕ್ಕಿಂತ ಅಗ್ಗ. ನಾಗಿ ಕಾಟಾದ ಮೇಲಿಂದಲೇ, “ನೀವು ಬನ್ನಿ ದೇವಕಕ್ಕ, ನಿಮ್ಮ ನಾಲ್ಗೆ ಒಂದನ್ನೇ ತೂಗ್ವ, ಅದೇ ಜಾಸ್ತಿ ಬೀಳ್ತದೆ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಐದಾರು ವಾರ ಕಳೆದ ಮೇಲೆ ಅವಳು ಉತ್ತರ ಕೊಡುವುದನ್ನು ನಿಲ್ಲಿಸಿದಳು. ಸುಮ್ಮನೆ ಹತ್ತುತ್ತಿದ್ದಳು, ಸುಮ್ಮನೆ ಇಳಿಯುತ್ತಿದ್ದಳು. ಅದನ್ನು ನಾನು ಬುದ್ಧಿ ಬಂತು ಎಂದುಕೊಂಡೆ.

ಮೊದಲ ತಿಂಗಳು ನಾಲ್ಕು ಕಿಲೋ ಇಳಿದಳು. ನಾನು ಗೆದ್ದೆ ಅಂದುಕೊಂಡೆ. ಎರಡನೆಯ ತಿಂಗಳು ಕಾಟಾದ ಮುಳ್ಳು ಅಲ್ಲೇ ನಿಂತಿತು. ಮೂರನೆಯ ತಿಂಗಳು ಹೋದದ್ದೆಲ್ಲ ವಾಪಸು. ಬಚ್ಚಲಿನ ಹಿಂದೆ ಕೂತು ಅವಲಕ್ಕಿ ಬೆಲ್ಲ ಮುಕ್ಕುತ್ತಿದ್ದಾಗ ಹಿಡಿದೆ. ಬಾಯಿ ತುಂಬ ಅವಲಕ್ಕಿ, ಕಣ್ಣಲ್ಲಿ ನೀರು.

“ಹಸಿವಾಗ್ತದೆ ಅತ್ತಿಗೆ. ತಿಂದಷ್ಟೂ ಹಸಿವಾಗ್ತದೆ. ತಿನ್ದೆ ಇದ್ರೆ ಕೈ ನಡಗ್ತದೆ.”

“ಕೇಣಿಯವರು ಕೈ ಕಾಣೂದಿಲ್ಲ, ಸೊಂಟ ಕಾಣ್ತಾರೆ” ಎಂದು ಕೈಯಿಂದ ಪೊಟ್ಟಣ ಕಿತ್ತುಕೊಂಡೆ.

ಅಂಕೋಲೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಆಮೇಲೆ. ವಯಸ್ಸಾದವರು, ಒಳ್ಳೆಯವರು. ಅವರು ನಾಗಿಯನ್ನು ನೋಡಿ ಕೇಳಿದ ಎರಡನೆಯ ಪ್ರಶ್ನೆಯೇ “ಮುಟ್ಟು ಸರಿಯಾಗಿ ಆಗ್ತದಾ?” ಎಂದು. ನಾಗಿ ಬಾಯಿ ತೆರೆದಳು. ಅಲ್ಲಿ ಚೀಟಿ ಬರೆಯಲು ಕೂತಿದ್ದ ಹೆಂಗಸು ಕೇಣಿಯವಳು, ಹುಡುಗನ ಮನೆಯ ಎದುರಿನವಳು ಎಂದು ನನಗೆ ಬಾಗಿಲಲ್ಲೇ ಗುರುತು ಸಿಕ್ಕಿತ್ತು.

“ತಿಂಗ್ಳು ತಿಂಗ್ಳು ಡಾಕ್ಟ್ರೆ. ಹುಣ್ಣಿಮೆ ತಪ್ಪೂದಿಲ್ಲ” ಎಂದೆ.

ನಾಗಿ ನನ್ನ ಮುಖ ನೋಡಿದಳು. ಬಾಯಿ ಮುಚ್ಚಿದಳು. ಡಾಕ್ಟರು ಬರೆದುಕೊಂಡರು. ಹಾಗಿದ್ದರೆ ದೊಡ್ಡದೇನೂ ಇರಲಿಕ್ಕಿಲ್ಲ, ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದರು. ಅವರ ತಪ್ಪೇನು? ನಾನು ಕೊಟ್ಟ ಮಾಲನ್ನು ನೋಡಿ ಅವರು ದರ ಹೇಳಿದರು.

ಹೆಣ್ಣುಮಕ್ಕಳಿರುವ ಮನೆಯವರಿಗೆ ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಡಾಕ್ಟರ ಮುಂದೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ನೀವು ಹೊರಗೆ ಬನ್ನಿ. ಅವಳ ಮೈಯ ಬಗ್ಗೆ ನಿಮಗಿಂತ ಅವಳಿಗೆ ಹೆಚ್ಚು ಗೊತ್ತು. ತಾಯಿ, ಅತ್ತಿಗೆ, ಅಕ್ಕ ಎಂದು ಪಕ್ಕದಲ್ಲಿ ಕೂತವರ ಬಾಯಿ ರೋಗಕ್ಕಿಂತ ಕೆಟ್ಟದ್ದು.

ಮೇ ಕೊನೆಗೆ ಬಂತು. ಮಳೆ ಹಿಡಿದರೆ ಒಣಗಿಸಲು ಬಿಸಿಲಿಲ್ಲ, ಬೋಟುಗಳೂ ದಡಕ್ಕೆ. ಆ ಕೊನೆಯ ಹದಿನೈದು ದಿನದಲ್ಲಿ ಎಷ್ಟು ಉಪ್ಪಿಗೆ ಹಾಕಿದೆವೋ ಅದೇ ಮಳೆಗಾಲದ ಊಟ. ಆ ವರ್ಷ ಹುಣ್ಣಿಮೆ ಕಳೆದು ಒಂದು ವಾರಕ್ಕೆ ಬಾಂಗಡೆ ಬಿತ್ತು. ಬಿತ್ತು ಎಂದರೆ ಹಾಗೆ ಹೀಗೆ ಅಲ್ಲ. ಅಂಗಳ, ಜಗುಲಿ, ಬಾವಿಕಟ್ಟೆ, ಎಲ್ಲೆಲ್ಲೂ ಬಾಂಗಡೆ. ಎರಡೂ ತೊಟ್ಟಿ ತುಂಬಿ ಡ್ರಮ್ಮುಗಳನ್ನು ಮತ್ತೆ ಇಳಿಸಿದೆವು. ಕೂಲಿಗೆ ಹೆಂಗಸರು ಸಿಗಲಿಲ್ಲ, ಎಲ್ಲರ ಅಂಗಳದಲ್ಲೂ ಅದೇ ಗಡಿಬಿಡಿ.

ಎರಡನೆಯ ದಿನ ಬೆಳಿಗ್ಗೆ ನಾಗಿ ಬಾವಿಯ ಹತ್ತಿರ ನನ್ನ ಸೆರಗು ಎಳೆದಳು. ಎಷ್ಟೋ ದಿನದ ಮೇಲೆ ಮುಖದಲ್ಲಿ ನಗು.

“ಅತ್ತಿಗೆ, ಆತು. ಖರೇನೇ ಆತು.”

“ಎಂತ?”

“ಹೊರಗಾದೆ. ನಾಟಕ ಅಲ್ಲ.”

ಏಳು ತಿಂಗಳ ಮೇಲೆ. ಅವಳನ್ನು ಅಪ್ಪಿಕೊಂಡು ಒಂದು ಮಾತು ಆಡಬಹುದಿತ್ತು. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಹುಣ್ಣಿಮೆಗೆ ಕೂತು ಎದ್ದು ವಾರ ಕಳೆದಿದೆ. ಈಗ ಮತ್ತೆ ಕೂತರೆ ದೇವಕಕ್ಕ ಲೆಕ್ಕ ಹಾಕುತ್ತಾರೆ. ಮೀನು ಅಂಗಳದಲ್ಲಿ ಬಿದ್ದಿದೆ, ಸೀಳುವ ಕೈ ಇವಳದ್ದೊಂದೇ.

“ಈಗಷ್ಟೇ ಕೂತ್ ಎದ್ದಿದೀಯಲ್ಲೆ. ಯಾರಿಗೂ ಹೇಳ್ಬೇಡ. ಬಟ್ಟೆ ಸರಿಯಾಗಿ ಕಟ್ಕಂಡ್ ಕೆಲ್ಸ ಮಾಡು.”

“ತೊಟ್ಟಿ ಮುಟ್ಟೂದಾ?”

“ಮುಟ್ಟು. ನಾ ಹೇಳ್ತೆ, ಮುಟ್ಟು.”

ನಗು ಇಳಿದುಹೋಯಿತು. ಹೋಗಿ ಕತ್ತಿ ಹಿಡಿದಳು. ಅವಳು ಮುಟ್ಟಿದ ಮೀನಿಗೆ ಒಂದು ಹುಳವೂ ಬೀಳಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷದಷ್ಟು ಒಳ್ಳೆಯ ಮಾಲು ನಾನು ಮತ್ತೆ ಕಂಡಿಲ್ಲ.

ಆಮೇಲೆ ನಾನು ಕೇಳಲೇ ಇಲ್ಲ. ಒಂದು ದಿನವೂ ಕೇಳಲಿಲ್ಲ. ಮೂರು ದಿನದಲ್ಲಿ ನಿಂತಿರುತ್ತದೆ ಎಂದುಕೊಂಡೆ. ಅವಳು ಹನ್ನೆರಡು ದಿನ ಹರಿಯುವ ಮೈಯಲ್ಲಿ ಉಪ್ಪು ಹೊತ್ತಳು, ಬಗ್ಗಿದಳು, ಎದ್ದಳು. ಹನ್ನೆರಡನೆಯ ದಿನ ಮಧ್ಯಾಹ್ನ, ತೊಟ್ಟಿಯಿಂದ ಮೀನು ಎತ್ತುತ್ತಿದ್ದವಳು ಹಾಗೆಯೇ ಬದಿಗೆ ಕುಸಿದಳು. ಸಿಮೆಂಟಿನ ಮೇಲೆ ರಕ್ತ. ಮೀನಿನದಲ್ಲ ಎನ್ನುವುದು ಅಂಗಳದಲ್ಲಿದ್ದ ಪ್ರತಿ ಹೆಂಗಸಿಗೂ ತಿಳಿಯಿತು. ದೇವಕಕ್ಕ ಬೇಲಿ ದಾಟಿ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದನ್ನು ನಾನು ಮರೆಯಬಾರದು. ಆದರೆ ಮುಖ ಎತ್ತಿ ನನ್ನನ್ನು ಕೇಳಿದ್ದನ್ನೂ ಮರೆತಿಲ್ಲ: “ಹುಣ್ಣಿಮೆಗೆ ಕೂತಿತ್ತಲ್ಲೆ ಇದು? ಇದೆಂತದೇ ಶಾಂತಾ?”

ಮೀನಿನ ಟೆಂಪೋದಲ್ಲೇ ಕಾರವಾರಕ್ಕೆ ಒಯ್ದೆವು. ಗಂಡ ಬೈತಖೋಲದಿಂದ ಬಂದು ರಕ್ತ ಕೊಟ್ಟರು. ಮೂರನೆಯ ದಿನ ಅಲ್ಲಿಯ ಲೇಡಿ ಡಾಕ್ಟರು ನನ್ನನ್ನು ಒಳಗೆ ಕರೆದರು. ಸಣ್ಣ ವಯಸ್ಸಿನವರು. ನಾಗಿಯ ಹತ್ತಿರ ಒಬ್ಬರೇ ಕೂತು ಮೊದಲೇ ಮಾತಾಡಿದ್ದರು.

“ತಿಂಗಳು ತಿಂಗಳು ಸರಿಯಾಗಿ ಆಗ್ತದೆ ಅಂತ ಅಂಕೋಲೆಯ ಚೀಟಿಯಲ್ಲಿ ಬರೆದಿದೆ. ಹೇಳಿದ್ದು ನೀವಾ?”

ನಾನು ತಲೆ ತಗ್ಗಿಸಿದೆ.

ಅವರು ಬೈಯಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಪಿಸಿಓಡಿ ಎಂದರು, ಈಗ ಪಿಸಿಓಎಸ್ ಎನ್ನುತ್ತಾರೆ. ಅಂಡಾಶಯದಲ್ಲಿ ಮೊಟ್ಟೆ ಬಲಿತು ಹೊರಗೆ ಬರುವುದಿಲ್ಲ, ಸಣ್ಣ ಸಣ್ಣ ಗುಳ್ಳೆಗಳಾಗಿ ಉಳಿಯುತ್ತವೆ. ತಿಂಗಳು ತಿಂಗಳು ಕಳಚಬೇಕಾದ ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತಾ ಹೋಗಿ ಒಮ್ಮೆಲೇ ಹೀಗೆ ಹರಿಯುತ್ತದೆ. ಗಲ್ಲದ ಕೂದಲು ಅದರದ್ದೇ. ಕುತ್ತಿಗೆಯ ಕಪ್ಪು ಕೊಳೆಯಲ್ಲ, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವುದರ ಗುರುತು.

“ಹಂಗಾದ್ರೆ ದಪ್ಪ ಆಗಿದ್ದಕ್ಕೆ ಈ ಕಾಯ್ಲೆಯಾ, ಕಾಯ್ಲೆಗೆ ದಪ್ಪ ಆಗಿದ್ದಾ?” ಎಂದು ಕೇಳಿದೆ. ನನಗೆ ಯಾರ ತಪ್ಪೆಂದು ತಿಳಿಯಬೇಕಿತ್ತು.

“ಎರಡೂ ಒಂದನ್ನೊಂದು ಏರಿಸ್ತಾ ಹೋಗ್ತವೆ. ಈ ಕಾಯಿಲೆ ಇದ್ದರೆ ತೂಕ ಬೇಗ ಏರ್ತದೆ, ಇಳಿಸೋದು ಬೇರೆಯವರಿಗಿಂತ ಕಷ್ಟ. ಏರಿದ ತೂಕದಿಂದ ಕಾಯಿಲೆ ಇನ್ನೂ ಗಟ್ಟಿಯಾಗ್ತದೆ. ಕಡ್ಡಿಯಂಥ ಹುಡುಗಿಯರಿಗೂ ಬರ್ತದೆ, ಅವರೇನು ತಿಂದು ತಂದುಕೊಂಡರಾ? ನಿಧಾನವಾಗಿ ಸ್ವಲ್ಪ ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ಸರಿಹೋಗ್ತದೆ. ಆದರೆ ಹೊಟ್ಟೆಗೆ ಹಾಕದೆ ಅಲ್ಲ. ಹೊತ್ತಿಗೆ ಸರಿಯಾಗಿ ಊಟ, ಅದರಲ್ಲಿ ಅನ್ನ ಕ್ರಮದಲ್ಲಿ, ಮೀನು, ಕಾಳು, ತರಕಾರಿ. ದಿನಾ ನಡಿಗೆ, ಮಾತ್ರೆ. ಮಕ್ಕಳಾಗೋದಿಲ್ಲ ಅಂತಲೂ ಇಲ್ಲ.”

ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು, “ಅಂಕೋಲೆಯಲ್ಲೇ ನಿಜ ಹೇಳಿದ್ದರೆ ಈ ಹುಡುಗಿಗೆ ಇಷ್ಟು ರಕ್ತ ಹೋಗ್ತಿರಲಿಲ್ಲ.”

ಕಾಯಿಲೆಯ ಹೆಸರು, ಕಾರಣ ಎಲ್ಲ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಕೊಟ್ಟರು. ಮನೆಗೆ ಬಂದೆವು.

ನಾವು ಬರುವ ಮೊದಲೇ ಮಾತು ಕೇಣಿಗೆ ತಲುಪಿತ್ತು. ಹುಣ್ಣಿಮೆಗೆ ಮುಟ್ಟಾಗಿದ್ದ, ಮದುವೆಯಾಗದ ಹುಡುಗಿಗೆ ಮತ್ತೆ ಅಷ್ಟು ರಕ್ತ ಯಾಕೆ ಹೋಗುತ್ತದೆ? ಹೊಟ್ಟೆ ದಪ್ಪ ಇದ್ದದ್ದು ಸುಮ್ಮನೆಯಾ? ಅತ್ತಿಗೆ ಎಂತದೋ ಔಷಧಿ ಕೊಟ್ಟು ಬಸಿರು ಕಳೆದಿರಬೇಕು. ಗರ್ಭಕ್ಕೆ ಉಷ್ಣ ಎನ್ನುವ ಹುರುಳಿ ಕಟ್ಟು ಕುಡಿಸಿದ್ದನ್ನು ಎಲ್ಲರೂ ನೋಡಿದ್ದರು. ನಾನು ತಿಂಗಳು ತಿಂಗಳು ಅಷ್ಟು ಎಚ್ಚರದಿಂದ ಕಟ್ಟಿದ ಸುಳ್ಳು ಇಲ್ಲದಿದ್ದರೆ ಈ ಮಾತು ಹುಟ್ಟಲು ಜಾಗವೇ ಇರಲಿಲ್ಲ.

ಮಳೆ ಹಿಡಿದ ಮೂರನೆಯ ದಿನ ಹುಡುಗನ ತಾಯಿ ಬಂದರು. ಛತ್ರಿ ಮಡಚಿ ಜಗುಲಿಯಲ್ಲಿ ಕೂತರು, ನೀರು ಕುಡಿಯಲಿಲ್ಲ. ಅತ್ತೆ ಕಂಬ ಹಿಡಿದು ನಿಂತಿದ್ದರು. ದೇವಕಕ್ಕನೂ ಬಂದು ಸೂರಿನಡಿ ನಿಂತರು. ನಾಗಿ ಒಳಗೆ ಬಾಗಿಲ ಹಿಂದೆ. ಅವಳ ಕಾಲಿನ ಬೆರಳು ನನಗೆ ಕಾಣುತ್ತಿತ್ತು.

“ಶಾಂತಾ, ನಾ ಜಗಳ ಮಾಡೂಕೆ ಬಂದದ್ದಲ್ಲ. ನಮ್ಮ ಹುಡ್ಗಂಗೆ ಈಗಲೂ ಮನಸ್ಸದೆ. ನೀ ಒಂದು ಮಾತು ಹೇಳು, ನಾ ನಂಬ್ತೆ. ಹುಣ್ಣಿಮೆಗೆ ಹೊರಗೆ ಕೂತದ್ದು ಹೌದಲಾ? ಮತ್ತೆ ಇದೆಂತದು?”

ಚೀಟಿ ನನ್ನ ಸೊಂಟದಲ್ಲೇ ಇತ್ತು. ತೆಗೆಯಲು ಎಷ್ಟು ಹೊತ್ತು? ಆದರೆ ನಾನು ಎದುರಿನವರ ಮುಖ ನೋಡಿ ಲಾಭ ನಷ್ಟ ತೂಗಿಯೇ ಬದುಕಿದವಳು. ಏಳು ತಿಂಗಳು ಮುಟ್ಟೇ ಇರಲಿಲ್ಲ ಎಂದರೆ ಹುಡುಗಿ ಬಂಜೆ ಅನ್ನುತ್ತಾರೆ. ಗಾಳಿಮಾತು ವರ್ಷದಲ್ಲಿ ಸಾಯುತ್ತದೆ, ಬಂಜೆ ಎನ್ನುವ ಹೆಸರು ಸಾಯುವುದಿಲ್ಲ. ಕೂರಿಸಿದ್ದು ಸುಳ್ಳು ಎಂದರೆ ನನ್ನ ಮಾತಿಗೆ ಕೇರಿಯಲ್ಲಿ ಬೆಲೆ ಇರುವುದಿಲ್ಲ. ಇನ್ನೊಂದೂ ಇತ್ತು, ಬರೆಯಲು ನಾಚಿಕೆಯಾಗುತ್ತದೆ: ನಿಜವಾಗಿ ಮುಟ್ಟಾದವಳಿಂದ ಹನ್ನೆರಡು ದಿನ ತೊಟ್ಟಿ ಮುಟ್ಟಿಸಿದೆ ಎಂದು ಗೊತ್ತಾದರೆ ಆ ಮಳೆಗಾಲ ನನ್ನ ಒಂದು ಬಾಂಗಡೆಯೂ ಮನೆ ಬಿಟ್ಟು ಹೋಗುತ್ತಿರಲಿಲ್ಲ.

“ಉಷ್ಣ ಆಗಿತ್ತು” ಎಂದೆ. “ಬಿಸ್ಲಲ್ಲಿ ಕೆಲ್ಸ ಮಾಡಿ.”

ಆ ಹೆಂಗಸು ಇನ್ನೇನಾದರೂ ಹೇಳುತ್ತೇನೋ ಎಂದು ಕಾದರು. ಆಮೇಲೆ ಛತ್ರಿ ಬಿಡಿಸಿ ಇಳಿದು ಹೋದರು. ಬಾಗಿಲ ಹಿಂದಿನ ಬೆರಳುಗಳು ಸರಿದವು.

ಅಂದು ಸಂಜೆ ನಾಗಿ ತಾಯಿಗೆ ಎಲ್ಲವನ್ನೂ ತಾನೇ ಹೇಳಿದಳು. ಅತ್ತೆ ನೇರ ನನ್ನ ಹತ್ತಿರ ಬಂದರು.

“ಹುಣ್ಣಿಮೆಗೆ ಕೂತದ್ದೆಲ್ಲ ನೀ ಮಾಡ್ಸಿದ ನಾಟಕ ಅಂತದೆ. ಖರೇನ ಶಾಂತಾ? ನೀ ಹೌದು ಅಂದ್ರೆ ನಾ ಹೌದು ಅಂತೆ.”

ಅತ್ತೆಗೆ ಹೇಳಿದರೆ ಬೆಳಗಾಗುವುದರೊಳಗೆ ಊರಿಗೆ ಗೊತ್ತು. “ಆಸ್ಪತ್ರೇಲಿ ಎಂತದೋ ಅಂದ್ರು, ನಂಗೆ ಪೂರ್ತಿ ತಿಳೀಲಿಲ್ಲ ಅತ್ತೆ” ಎಂದೆ. ಅವರು ಒಳಗೆ ಹೋದರು. ಅಂದಿನಿಂದ ಮಗಳ ಕೈಯಿಂದ ನೀರು ಮುಟ್ಟಲಿಲ್ಲ. ಬಸಿರು ಮುಚ್ಚಿಡಲು ಮಗಳು ಸುಳ್ಳೇ ಹೊರಗೆ ಕೂತು, ಹರಕೆ ತೀರಿಸಿದ ದೇವಿಯ ಮುಂದೆ ತನ್ನನ್ನು ಮೂರ್ಖಳನ್ನಾಗಿ ಮಾಡಿದಳು ಎನ್ನುವುದು ಅವರ ಸಿಟ್ಟು.

ಆ ಮಳೆಗಾಲವಿಡೀ ಮನೆಯಲ್ಲಿ ಮೂರು ಹೆಂಗಸರು ಮೂರು ಮೂಲೆಯಲ್ಲಿ ಉಂಡೆವು. ನಾಗಿ ನನ್ನ ಹತ್ತಿರ ಒಂದೇ ಸಲ ಆ ಮಾತೆತ್ತಿದ್ದು. ಒಣಮೀನಿನ ಚೀಲ ಹೊಲಿಯುತ್ತಿದ್ದಳು, ಮುಖ ಎತ್ತದೆ ಕೇಳಿದಳು.

“ಚೀಟಿ ಯಾಕೆ ತೆಗೀಲಿಲ್ಲ, ಅತ್ತಿಗೆ?”

“ನಿನ್ನ ಒಳ್ಳೇದಕ್ಕೇ…”

“ಬಂಜೆ ಅನ್ಲಿ ಬಿಡು, ಅದು ಕಾಯ್ಲೆ. ಈಗ ಊರು ಅಂಬೂದು ಕಾಯ್ಲೆ ಅಲ್ಲ.”

ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಬೋಟುಗಳು ಇಳಿದ ವಾರ ಅವಳು ಎರಡು ಸೀರೆ, ಮಾತ್ರೆಯ ಪೊಟ್ಟಣ ಕಟ್ಟಿಕೊಂಡು ಬೈತಖೋಲದ ಚಿಕ್ಕಮ್ಮನ ಮನೆಗೆ ಹೋದಳು. ಬಸ್ಸಿನವರೆಗೆ ಚೀಲ ಹಿಡಿದು ಬರುತ್ತೇನೆ ಎಂದೆ. ಬೇಡ ಎಂದಳು.

ಎರಡು ವರ್ಷ ಕಳೆದು ಬೈತಖೋಲದ ಹರಾಜಿನಲ್ಲಿ ಅವಳನ್ನು ಕಂಡೆ. ಬಂದರಿನಲ್ಲಿ ಮೀನು ಕೊಂಡು ಕಾರವಾರ ಪೇಟೆಯವರೆಗೆ ನಡೆದು ಮಾರುತ್ತಿದ್ದಳು. ತೆಳ್ಳಗೇನೂ ಆಗಿರಲಿಲ್ಲ. ಆದರೆ ಮುಖದ ಊತ ಹೋಗಿತ್ತು, ಹೆಜ್ಜೆ ಗಟ್ಟಿಯಾಗಿತ್ತು. ನಾನೇ ಹೋಗಿ ಮಾತಾಡಿಸಿದೆ.

“ಮಾತ್ರೆ ತಿಂತೆ. ನಡೀತೆ. ಹೊಟ್ಟೆ ತುಂಬ ಉಣ್ತೆ” ಎಂದಳು. “ಆರು ಕಿಲೋ ಇಳ್ದೆ, ಎರಡು ವರ್ಷಕ್ಕೆ. ತಿಂಗ್ಳು ತಿಂಗ್ಳು ಅಲ್ದಿದ್ರೂ ಬತ್ತದೆ. ಇಲ್ಲಿ ಯಾರೂ ಕೇಳೂದಿಲ್ಲ.”

“ಮನೆಗೆ ಬಾ ನಾಗಿ. ಎಲ್ರ ಮುಂದೂ ಹೇಳ್ತೆ. ದೇವಕಕ್ಕಗೆ, ಕೇಣಿಯವರಿಗೆ…”

“ಕೇಣಿಯವನಿಗೆ ಮದ್ವೆ ಆಗಿ ಮಗು ಆತು. ಊರಿಗೆ ಹೇಳಿ ಎಂತ ಮಾಡೂದು?” ಬುಟ್ಟಿಯ ಐಸನ್ನು ಸರಿಮಾಡಿದಳು. “ಆಯಿಗೊಂದು ಹೇಳು. ಅವ್ಳಿಗೆ ಹುಷಾರಿಲ್ಲ ಅಂದ್ರು. ಹೇಳಾದ್ಮೇಲೆ ಕರಿ, ಬತ್ತೆ.”

ಅತ್ತೆ ಆಗ ಹಾಸಿಗೆ ಹಿಡಿದಿದ್ದರು. ಬುದ್ಧಿ ಸರಿಯಾಗಿಯೇ ಇತ್ತು. ನಾನು ಬಂದವಳೇ ಕೈಕಾಲು ತೊಳೆದು ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಹುಣ್ಣಿಮೆಯ ನಾಟಕ, ಒದ್ದೆ ಬಟ್ಟೆ, ಡಾಕ್ಟರಿಗೆ ಹೇಳಿದ ಸುಳ್ಳು, ಹನ್ನೆರಡು ದಿನ. ಚೀಟಿ ಬಿಡಿಸಿ, ಲೇಡಿ ಡಾಕ್ಟರು ತಿಳಿಸಿದ ಹಾಗೆ ಒಂದೊಂದರ ಅರ್ಥ ಹೇಳಿದೆ. ನಾಗಿ ಯಾವ ತಪ್ಪನ್ನೂ ಮಾಡಲಿಲ್ಲ, ತಪ್ಪೆಲ್ಲ ನನ್ನದು ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

ಅತ್ತೆ ಪೂರ್ತಿ ಕೇಳಿದರು. ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರು.

“ಒಳ್ಳೇದಾತು ಶಾಂತಾ” ಎಂದರು. “ಎಲ್ಲ ಸರೀ ಹೊಂದ್ತದೆ. ಎರಡು ವರ್ಷ ತಲೆ ಕೆಡ್ಸ್ಕಂಡ್ ಕಥೆ ಕಟ್ಟಿದಂಗೆ ಅದೆ. ನನ್ನ ಮಗಳ ಮಾನ ಉಳ್ಸೂಕೆ ತಪ್ಪನ್ನೆಲ್ಲ ನಿನ್ನ ಮೇಲೇ ಹಾಕ್ಕಂಡ್ಯಲ್ಲೆ, ಯಾವ ಅತ್ತಿಗೆ ಹಿಂಗ್ ಮಾಡ್ತದೆ? ಹೊರಗಿನವರಿಗೂ ಹಿಂಗೇ ಹೇಳು. ನಿನ್ನ ಬಾಯಲ್ಲಿ ಬಂದ್ರೆ ನಂಬ್ತಾರೆ.”

“ಕಟ್ಟಿದ್ದಲ್ಲ ಅತ್ತೆ, ಖರೇ” ಎಂದೆ. “ದೇವಿ ಆಣೆ.”

“ಹೂಂ, ಹಂಗೇ” ಎಂದರು ಅತ್ತೆ. “ಆಣೆ ಹಾಕಿಯೇ ಹೇಳು.”